ಇಡ್ಲಿ ಹಿಟ್ಟಿನ ಹದದ ಗ್ರೀಸು

ನನ್ನ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಆ ಕೆಲಸಕ್ಕೆ ನಮ್ಮ ಅತ್ತೆ ಇದ್ದಾರೆ. ಮೂರು ಹೊತ್ತೂ ಊಟ ಬಡಿಸುತ್ತಲೇ ಹೇಳುತ್ತಾರೆ! ನೀವೇ ಹೇಳಿ, ಡೊಂಬಿವಲಿಯ ಫ್ಲ್ಯಾಟೊಂದರ ಮೂರನೇ ಮಾಳಿಗೆಯಲ್ಲಿರುವ ಮನುಷ್ಯನಿಗೆ ಟ್ರ್ಯಾಕ್ಟರ್ ಯಾಕೆ?

ಮಾವ ಉಡುಪಿ ಕಡೆಯಿಂದ ಬಂದು ಜೀವಮಾನವಿಡೀ ಇಲ್ಲಿ ವೆಜ್ ಹೋಟೆಲ್ ನಡೆಸಿದವರು. ಹೋಟೆಲ್ ಮುಚ್ಚಿದ ಮೇಲೆ, ಹಳೆಯ ಗ್ರೈಂಡರ್ ಮಾರಿ ಬರುತ್ತೇನೆಂದು ಉಲ್ಹಾಸನಗರದ ಗುಜರಿ ಅಂಗಡಿಗೆ ಹೋದರು. ಸಂಜೆ ಟೆಂಪೋದ ಹಿಂದೆ ಹಗ್ಗ ಕಟ್ಟಿಸಿ ಎಳೆಸಿಕೊಂಡು, ಹೆಚ್ಚುಕಡಿಮೆ ತಮ್ಮಷ್ಟೇ ವಯಸ್ಸಾದ ಕೆಂಪು ಟ್ರ್ಯಾಕ್ಟರಿನ ಮೇಲೆ ಮದುಮಗನ ಹಾಗೆ ಕೂತು ಬಂದರು!

"ಉಳುವುದು ಎಲ್ಲಿ? ಬಾಲ್ಕನಿಯ ತುಳಸಿ ಕುಂಡದಲ್ಲಾ?" ಅತ್ತೆ ಕೇಳಿದರು.

"ಉಳ್ಲಿಕ್ಕಲ್ಲ ಮಾರಾಯ್ತಿ. ಆ ಗುಜರಿಯವ ಗ್ಯಾಸ್ ಕಟರ್ ಹಿಡ್ಕೊಂಡು ಇದನ್ನು ತುಂಡು ಮಾಡ್ಲಿಕ್ಕೆ ನಿಂತಿದ್ದ. ನನಗೆ ನೋಡ್ಲಿಕ್ಕೆ ಆಗ್ಲಿಲ್ಲ."

ಮಾವನ ಆರೈಕೆಗೆ ಎಂಜಿನ್ ಬೇಗನೆ ಗುಡುಗುಡು ಎಂದಿತು. ಸ್ಟೇರಿಂಗ್ ಮಾತ್ರ ಜಪ್ಪಯ್ಯ ಎಂದರೂ ತಿರುಗಲೊಲ್ಲದು. ಅದರ ಗೇರ್‌ಬಾಕ್ಸ್ ಒಣಗಿದೆ ಎಂದು ಮಾವ ಗೇರ್ ಆಯಿಲ್ ಸುರಿದರು. ಆಹಾ, ಏನು ಸಲೀಸಾಗಿ ತಿರುಗಿತು! ಆದರೆ ಎಣ್ಣೆ ಸೋರದಂತೆ ತಡೆಯುವ ಒಳಗಿನ ಸೀಲ್ ಎಂದೋ ಸವೆದುಹೋಗಿತ್ತಲ್ಲ, ಮರುದಿನ ಎಣ್ಣೆಯೆಲ್ಲ ಪಾರ್ಕಿಂಗಿನ ನೆಲದ ಮೇಲೆ. ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದವರು ಯಾರು? ಬೇರೆ ಯಾರೂ ಸಿಗಲಿಲ್ಲವೇ ಆ ಎಣ್ಣೆಗೆ, ಸೊಸೈಟಿಯ ಸೆಕ್ರೆಟರಿಯೇ ಸಿಗಬೇಕೇ!

"ಅಣ್ಣಾ, ಹೇ ಕಾಯ್ ಆಹೆ?" ಇದೇನಿದು ಎಂದು ಅವರು ಬಿದ್ದಲ್ಲಿಂದಲೇ ಮರಾಠಿಯಲ್ಲಿ ಗುಡುಗಿದರು. ಭಾನುವಾರ ತಾವೇ ಬಂದು ನೋಡುವುದಾಗಿಯೂ, ಆಗ ಒಂದೇ ಒಂದು ತೊಟ್ಟು ಕಂಡರೂ ಟ್ರ್ಯಾಕ್ಟರ್ ವಾಪಸ್ ಗುಜರಿಗೇ ಹೋಗತಕ್ಕದ್ದೆಂದೂ ತೀರ್ಪು ಕೊಟ್ಟರು. ಮಾವ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವಂತೆ. ಅಷ್ಟು ಹಳೆಯ ಗಾಡಿಯ ಸೀಲ್ ಈಗ ಎಲ್ಲಿ ಸಿಗಬೇಕು? ಕಲ್ಯಾಣದ ಅಂಗಡಿಯವರು ನಕ್ಕು ಕಳಿಸಿದರು.

ಎಣ್ಣೆಯ ಸಹವಾಸವೇ ಬೇಡವೆಂದು ಬರೀ ಗ್ರೀಸು ತುಂಬಿದರು. ಅದು ಸೋರಲಿಲ್ಲ, ನಿಜ. ಆದರೆ ಗೇರಿನ ಹಲ್ಲುಗಳು ಒಮ್ಮೆ ಪಕ್ಕಕ್ಕೆ ತಳ್ಳಿದ್ದೇ ತಡ, ಮುನಿಸಿಕೊಂಡ ನೆಂಟರ ಹಾಗೆ ಗೋಡೆಗಂಟಿ ಕೂತುಬಿಟ್ಟಿತು. ಮತ್ತೆ ಹಲ್ಲಿನ ಹತ್ತಿರ ಬರಲೇ ಇಲ್ಲ. ಸ್ಟೇರಿಂಗ್ ಪುನಃ ಕಿರ್ರೋ ಎಂದಿತು.

ಶನಿವಾರ ಮಹಾಪೆಯ ನನ್ನ ಆಫೀಸಿಗೆ ರಜೆ. ಮಾವನ ಮನೆಗೆ ಹೋಗಿ ನೋಡಿದರೆ ಅತ್ತೆ ಭಜನೆಗೆ ಹೋಗಿದ್ದಾರೆ, ಮಾವ ಅಡಿಗೆಮನೆಯಲ್ಲಿ ಹೋಟೆಲಿನ ಹಳೆಯ ಪಾತ್ರೆಗೆ ಕೈ ಹಾಕಿ ಕಪ್ಪಗೆ ಏನನ್ನೋ ಕಲಸುತ್ತಿದ್ದಾರೆ!

"ಎಂತ ಮಾವ ಇದು?"

"ಗ್ರೀಸು, ಎಣ್ಣೆ ಎರಡೂ. ನೋಡು ಮಗಾ, ನೀರುದೋಸೆ ಹದ ಆದ್ರೆ ಸೋರ್ತದೆ. ವಡೆ ಹದ ಆದ್ರೆ ಕೂತಲ್ಲೇ ಕೂರ್ತದೆ. ಇದಕ್ಕೆ ಬೇಕಾದ್ದು ಇಡ್ಲಿ ಹಿಟ್ಟಿನ ಹದ!"

ಸೌಟಿನಲ್ಲಿ ಎತ್ತಿ ನೋಡಿದರು. ಬಿದ್ದೂ ಬೀಳದ ಹಾಗೆ ಮೆಲ್ಲಗೆ ಇಳಿಯಿತು. ಮಾವನಿಗೆ ಆನಂದವೋ ಆನಂದ! ಆ ಆನಂದದಲ್ಲಿ ಅವರ ಎಡಗೈ ತನ್ನಷ್ಟಕ್ಕೆ ಉಪ್ಪಿನ ಡಬ್ಬಿಗೆ ಹೋಗಿ ಹಿಡಿ ಉಪ್ಪು ಎತ್ತಿತು. ಎಷ್ಟು ವರ್ಷದ ಅಭ್ಯಾಸ ಹೇಳಿ!

"ಅಯ್ಯೋ ದೇವರೇ! ಉಪ್ಪು ಹಾಕ್ಬೇಡಿ, ಗೇರು ತುಕ್ಕು ಹಿಡೀತದೆ!" ಬಾಗಿಲಲ್ಲಿ, ಭಜನೆ ಮುಗಿಸಿ ಬಂದ ಅತ್ತೆಯ ಕೂಗು. ಪಾತ್ರೆ ಹಾಳು ಮಾಡಿದ್ದಕ್ಕೆ ಬೈಗುಳ ಶುರುವಾದದ್ದು ಆಮೇಲೆ.

ಆ ಹಿಟ್ಟನ್ನು ಸಾಸಿನ ಬಾಟ್ಲಿಗೆ ತುಂಬಿ, ಬಾಟ್ಲಿ ಒತ್ತಿ ಒತ್ತಿ ಗೇರ್‌ಬಾಕ್ಸಿಗೆ ಉಣಿಸಿದ್ದಾಯಿತು. ಭಾನುವಾರ ಬೆಳಿಗ್ಗೆ ನೆಲ ಒಣಗಿಯೇ ಇತ್ತು. ಮಾವ ಎರಡೇ ಬೆರಳಲ್ಲಿ ಸ್ಟೇರಿಂಗ್ ತಿರುಗಿಸಿ ತೋರಿಸಿದರು. ಸೆಕ್ರೆಟರಿ ಬಗ್ಗಿ ಟಾರ್ಚ್ ಬಿಟ್ಟರು. ಅದೇ ಹೊತ್ತಿಗೆ ಗೇರ್‌ಬಾಕ್ಸಿನ ಅಡಿಯಲ್ಲಿ ಒಂದು ಕಪ್ಪು ಹನಿ ದಪ್ಪವಾಗುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಮುಗಿಯಿತು ಕಥೆ ಎಂದುಕೊಂಡೆ.

ಅಷ್ಟರಲ್ಲಿ, ಠಾಣೆಯ ಮದುವೆಗೆಂದು ಹೊಸ ರೇಷ್ಮೆ ಸೀರೆ ಉಟ್ಟು ಇಳಿದು ಬಂದಿದ್ದ ಅತ್ತೆ, ಸುಸ್ತಾದವರಂತೆ ಟ್ರ್ಯಾಕ್ಟರಿಗೆ ಒರಗಿ ನಿಂತರು. ಸೆರಗಿನ ತುದಿಯನ್ನು ಮುದ್ದೆ ಮಾಡಿ ಆ ಹನಿಗೆ ಒತ್ತಿ ಹಿಡಿದರು. ಸೆಕ್ರೆಟರಿ "ಠೀಕ್ ಆಹೆ, ಅಣ್ಣಾ" ಎಂದು ಹೊರಟು ಗೇಟು ದಾಟುವ ತನಕ ಕದಲಲಿಲ್ಲ.

ಮಾವ ಕುಣಿಯುವುದೊಂದು ಬಾಕಿ! ತಿರುಗಿ ನೋಡಿದವರು ಅತ್ತೆಯ ಸೆರಗು ಕಂಡು ಹಾಗೇ ನಿಂತುಬಿಟ್ಟರು.

"ಅಯ್ಯೋ, ನಿನ್ನ ರೇಷ್ಮೆ ಸೀರೆ ಮಾರಾಯ್ತಿ..."

"ಸೀರೆ ಇರ್ಲಿ" ಎಂದರು ಅತ್ತೆ, ಕಪ್ಪಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ. "ನೀವು ಕಲಸಿದ್ದು ತೆಳ್ಳಗಾಯ್ತು. ನಾಳೆ ನಾನು ಕಲಸಿ ಕೊಡ್ತೇನೆ."