ಕುಳ್ಳ ಆರ್ಚಿಯ ದೇಶಾಟನೆ

ನಾರ್ಮನ್ ಹೆಸ್ಲಪ್‌ಗೆ ಜೀವನದಲ್ಲಿದ್ದ ದುಃಖ ಒಂದೇ. ಅದರ ಹೆಸರು ವಿಲ್ಫ್. ನಾಲ್ಕು ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲೂ ಕ್ಲಬ್ಬಿನ ಲೀಕ್ ಪ್ರದರ್ಶನದಲ್ಲಿ ಮೊದಲ ಬಹುಮಾನ ವಿಲ್ಫನಿಗೆ, ಎರಡನೆಯದು ನಾರ್ಮನ್‌ಗೆ. (ಲೀಕ್ ಎಂದರೆ ಈರುಳ್ಳಿಯ ದಾಯಾದಿ. ಬೇರೆ ಊರಿನವರು ಅದನ್ನು ಹೆಚ್ಚಿ ಬೇಯಿಸಿ ತಿನ್ನುತ್ತಾರಂತೆ. ಡರಮ್ ಸೀಮೆಯ ಈ ಗಣಿ ಊರಿನಲ್ಲಿ ಅದನ್ನು ತೊಡೆಗಾತ್ರ ಬೆಳೆಸಿ, ಹಾಲಿನಲ್ಲಿ ಮೈ ಒರೆಸಿ, ಟೇಪು ಹಿಡಿದು ಸುತ್ತಳತೆ ತೆಗೆದು, ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲೆ ಮಲಗಿಸುತ್ತಾರೆ. ಹೆತ್ತ ಮಕ್ಕಳಿಗೆ ಇಷ್ಟೆಲ್ಲ ಮಾಡಿದವರು ಆ ಊರಿನಲ್ಲಿ ಕಡಿಮೆ.)

ಎರಡನೇ ಬಹುಮಾನಕ್ಕಿಂತ ಕೊನೆಯದೇ ವಾಸಿ ಎನ್ನುವುದು ನಾರ್ಮನ್‌ನ ಅನುಭವ. ಕೊನೆಯವನನ್ನು ಜನ ಮರೆತುಬಿಡುತ್ತಾರೆ. ಎರಡನೆಯವನನ್ನು ಹುಡುಕಿಕೊಂಡು ಬಂದು ಬೆನ್ನು ತಟ್ಟಿ, "ಇನ್ನೊಂಚೂರಿತ್ತು ಕಣೋ" ಅನ್ನುತ್ತಾರೆ. ನಾಲ್ಕು ವರ್ಷ ತಟ್ಟಿಸಿಕೊಂಡು ಅವನ ಬೆನ್ನು ಬಗ್ಗಿಹೋಗಿತ್ತು.

ವಿಲ್ಫನ ತೋಟಕ್ಕೂ ಅವನ ತೋಟಕ್ಕೂ ನಡುವೆ ಒಂದು ತಂತಿಬೇಲಿ. ಬೇಲಿಯಾಚೆ, ವಿಲ್ಫನ ಲೀಕ್ ಮಡಿಯ ತಲೆಯ ಕಡೆ, ಆರ್ಚಿ ನಿಂತಿದ್ದ. ಆರ್ಚಿ ಸಿಮೆಂಟಿನ ಕುಳ್ಳ: ಮೊಣಕಾಲೆತ್ತರ, ಕೆಂಪು ಚೂಪು ಟೋಪಿ, ಹೊಟ್ಟೆಯವರೆಗೆ ಬಿಳಿ ಗಡ್ಡ, ಕೈಯಲ್ಲೊಂದು ಪುಟ್ಟ ಗುದ್ದಲಿ, ಮುಖದಲ್ಲಿ ಎಲ್ಲ ಬಲ್ಲವನ ನಗು. ಇಂಥ ಕುಳ್ಳರು ಊರಿನ ಅರ್ಧ ತೋಟಗಳಲ್ಲಿದ್ದರು. ಆದರೆ ವಿಲ್ಫ್ ಬೆಳಗ್ಗೆ ಬಂದವನೇ ಆರ್ಚಿಯ ಕ್ಷೇಮ ವಿಚಾರಿಸುತ್ತಿದ್ದ, ಮಳೆಯ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದ, ಸಂಜೆ ಗೇಟಿಗೆ ಬೀಗ ಹಾಕುವಾಗ "ನೋಡ್ಕೋತಿರಪ್ಪ" ಎಂದು ಒಪ್ಪಿಸಿ ಹೋಗುತ್ತಿದ್ದ. ಇದನ್ನೆಲ್ಲ ನಾಲ್ಕು ವರ್ಷ ಇಣುಕಿ ನೋಡಿದ ನಾರ್ಮನ್ ಒಂದು ಘನವಾದ ತೀರ್ಮಾನಕ್ಕೆ ಬಂದ. ಗುಟ್ಟು ಗೊಬ್ಬರದಲ್ಲಿಲ್ಲ, ಆ ಕುಳ್ಳನಲ್ಲಿದೆ. ಕುಳ್ಳ ಕಣ್ಮರೆಯಾದರೆ ವಿಲ್ಫನ ಎದೆ ಒಡೆಯುತ್ತದೆ, ಎದೆ ಒಡೆದವನು ನೀರು ಹಾಯಿಸುವುದಿಲ್ಲ, ನೀರಿಲ್ಲದೆ ಲೀಕ್ ಸೊರಗುತ್ತದೆ.

ಜೂನ್ ತಿಂಗಳ ಒಂದು ಗುರುವಾರ, ವಿಲ್ಫ್ ಹಲ್ಲು ಕೀಳಿಸಲು ಹೋಗಿದ್ದಾಗ, ನಾರ್ಮನ್ ಬೇಲಿ ದಾಟಿ ಶ್ರೀಮಾನ್ ಆರ್ಚಿಯವರ ಅಪಹರಣ ಮಹಾಕಾರ್ಯವನ್ನು ನೆರವೇರಿಸಿದ. ಕೈಗಾಡಿಯಲ್ಲಿ ಗೋಣಿ ಮುಚ್ಚಿ ತಂದ. ಕಳ್ಳತನ ಎನ್ನಿಸಬಾರದೆಂದು, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದ ಚೀಟಿಯೊಂದನ್ನು ಕಲ್ಲಿನ ಕೆಳಗಿಟ್ಟು ಬಂದ: "ವಿಲ್ಫ್, ನಿಂತು ನಿಂತು ಸಾಕಾಯಿತು. ದೇಶ ನೋಡಲು ಹೊರಟಿದ್ದೇನೆ. ಹುಡುಕಬೇಡ. ಇಂತಿ, ಆರ್ಚಿ."

ಆ ಸಂಜೆ ಹೆಂಡತಿ ಮೇವಿಸ್ ಮಹಡಿಯಿಂದ ಕೂಗಿದಳು.

"ನಾರ್ಮನ್, ಸ್ನಾನದ ತೊಟ್ಟಿಯಲ್ಲಿ ಯಾರೋ ನಿಂತಿದಾರೆ."

"ನೆಂಟರು ಅಂದ್ಕೋ."

"ನೆಂಟರಾದ್ರೆ ಟೋಪಿ ತೆಗೆದು ಇಳೀತಾರೆ. ಇವನು ವಿಲ್ಫನ ಆರ್ಚಿ ಅಲ್ವಾ?"

ನಾರ್ಮನ್ ಎಲ್ಲ ಒಪ್ಪಿಕೊಂಡ. ಮೇವಿಸ್ ಬೈಯಲಿಲ್ಲ. ಆರ್ಚಿಯ ಗಡ್ಡಕ್ಕೆ ಅಂಟಿದ ಮಣ್ಣನ್ನು ಸೋಪು ಹಚ್ಚಿ ತೊಳೆದು, "ಪಾಪ, ಎಲ್ಲಾದ್ರೂ ಕರ್ಕೊಂಡು ಹೋಗ್ತೀಯೋ, ಇಲ್ಲಾ ಇಲ್ಲೇ ಕೂಡಿ ಹಾಕ್ತೀಯೋ?" ಎಂದು ಮಾತ್ರ ಕೇಳಿದಳು.

"ಕರ್ಕೊಂಡು ಹೋಗೋದಾ? ಲೀಕ್ ಬಿಟ್ಟು?"

ಈ ಉತ್ತರ ಮೇವಿಸ್‌ಗೆ ಹೊಸದಲ್ಲ. ಮದುವೆಯಾದ ಮೂರನೇ ದಿನ, ಕಡಲ ದಡದ ಮಧುಚಂದ್ರವನ್ನು ಅರ್ಧಕ್ಕೆ ಮೊಟಕು ಮಾಡಿ, ಸಸಿ ನೆಡುವ ಹದ ಮೀರುತ್ತದೆಂದು ಅವಳನ್ನು ಊರಿಗೆ ಎಳೆದು ತಂದವನು ಅವನು. ಅಂದಿನಿಂದ ಮೂವತ್ತೊಂದು ವರ್ಷ, ಎಲ್ಲಿಗಾದರೂ ಹೋಗಿ ಬರೋಣ ಎಂದಾಗಲೆಲ್ಲ "ಲೀಕ್ ಎತ್ತಿದ ಮೇಲೆ" ಅನ್ನುತ್ತಿದ್ದ. ಲೀಕ್ ಎತ್ತಿದ ಮೇಲೆ ಚಳಿಗಾಲ. ಚಳಿ ಮುಗಿದರೆ ಬಿತ್ತನೆ. ಅವಳು ಕಾರು ಓಡಿಸಲು ಕಲಿತದ್ದೇ ಊರೂರು ನೋಡುವ ಆಸೆಗೆ. ಆ ಕಾರು ಹೊತ್ತದ್ದು ಕುದುರೆ ಲದ್ದಿಯ ಗೊಬ್ಬರ ಮಾತ್ರ.

ಮರುದಿನ ಶುಕ್ರವಾರ, ವಿಲ್ಫನ ಕಣ್ಣೀರು ನೋಡಲೆಂದು ನಾರ್ಮನ್ ಕ್ಲಬ್ಬಿಗೆ ಹೋದ. ವಿಲ್ಫ್ ಊದಿದ ದವಡೆಯಲ್ಲಿ ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

"ಹೋಗ್ಬರ್ಲಿ ಬಿಡ್ರಪ್ಪ," ಅಂದ ವಿಲ್ಫ್. "ಹನ್ನೆರಡು ವರ್ಷ ಒಂದೇ ಜಾಗದಲ್ಲಿ ನಿಂತಿದ್ದ. ಅವನಿಗೆ ಹಳೇ ಕೋಟೆ ಅಂದ್ರೆ ಪ್ರಾಣ. ಮೊದಲು ಬಾರ್ನಾರ್ಡ್ ಕೋಟೆಗೇ ಹೋಗ್ತಾನೆ ನೋಡ್ತಿರಿ. ಸೋಮವಾರದೊಳಗೆ ಅಲ್ಲಿಂದ ಫೋಟೊ ಬಂದ್ರೆ ಸರಿ. ಬರಲಿಲ್ಲ ಅಂದ್ರೆ ಯಾರೋ ಎತ್ತಿದಾರೆ ಅಂತ ಅರ್ಥ. ಆಗ ಏಳನೇ ನಿಯಮ."

ನಾರ್ಮನ್ ಕೈಲಿದ್ದ ಗ್ಲಾಸನ್ನು ಕೆಳಗಿಟ್ಟ. ಇನ್ನೊಬ್ಬರ ತೋಟಕ್ಕೆ ಕಾಲಿಟ್ಟು ಏನನ್ನಾದರೂ ಮುಟ್ಟಿದವನಿಗೆ ಜೀವಮಾನವಿಡೀ ಪ್ರದರ್ಶನದಿಂದ ಬಹಿಷ್ಕಾರ, ಇದು ಏಳನೇ ನಿಯಮ. ಆ ನಿಯಮವನ್ನು ಬರೆದವನು ಸ್ವತಃ ನಾರ್ಮನ್.

ಹೀಗೆ ಆರ್ಚಿಯ ದಿಗ್ವಿಜಯ ಆರಂಭವಾಯಿತು. ಮೇವಿಸ್ ತಮ್ಮನ ಮನೆಯಿಂದ ತಕ್ಷಣ ಫೋಟೊ ಕಕ್ಕುವ ಕ್ಯಾಮೆರಾ ತಂದಳು, ಮೊಟ್ಟೆಯ ಸ್ಯಾಂಡ್‌ವಿಚ್ ಕಟ್ಟಿದಳು, ಎಲ್ಲಿಟ್ಟಿದ್ದಳೋ ಒಂದು ಹೊಸ ಹಸಿರು ಟೋಪಿ ಹಾಕಿಕೊಂಡಳು. ಬಾರ್ನಾರ್ಡ್ ಕೋಟೆಯ ಮುರುಕು ಗೋಡೆಯ ಮೇಲೆ ಆರ್ಚಿಯನ್ನು ನಿಲ್ಲಿಸಿ ಫೋಟೊ ತೆಗೆದು ತಿರುಗಿದರೆ, ಹಿಂದೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಯಾತಕ್ಕೆ ಸಾಲು ಎಂದು ಅವರಿಗೂ ಗೊತ್ತಿರಲಿಲ್ಲ. ಒಬ್ಬರು ನಿಂತರು, ಉಳಿದವರು ಸೇರಿಕೊಂಡರು. ಅವರೆಲ್ಲ ಆರ್ಚಿಯ ಜೊತೆ ಫೋಟೊ ತೆಗೆಸಿಕೊಳ್ಳುವವರೆಗೆ ನಾರ್ಮನ್ ಕುಳ್ಳನನ್ನು ಬೀಳದಂತೆ ಹಿಡಿದುಕೊಂಡು ಬಿಸಿಲಲ್ಲಿ ಬಗ್ಗಿ ಕೂತಿರಬೇಕಾಯಿತು.

ಸೋಮವಾರ ಫೋಟೊ ತಲುಪಿತು. ಕ್ಲಬ್ಬಿನವರು ಅದನ್ನು ಗೋಡೆಗೆ ಅಂಟಿಸಿದರು. ಶುಕ್ರವಾರ ವಿಲ್ಫ್ ಗಡ್ಡ ಸವರಿಕೊಂಡು, "ಇನ್ನು ರೋಮನ್ನರ ಗೋಡೆ ನೋಡದೆ ಬಿಡಲ್ಲ ಅವನು," ಅಂದ.

ರೋಮನ್ನರ ಗೋಡೆಯ ಮೇಲೆ ಗಾಳಿ. ಆರ್ಚಿ ಉರುಳಿ ಸ್ಕಾಟ್ಲೆಂಡಿನ ಕಡೆಯ ಇಳಿಜಾರಿಗೆ ಬಿದ್ದ. ಹತ್ತು ಕಿಲೋ ಸಿಮೆಂಟನ್ನು ಎದೆಗೆ ಅವಚಿಕೊಂಡು, ಕುರಿಹಿಕ್ಕೆಯಲ್ಲಿ ಜಾರುತ್ತ ನಾರ್ಮನ್ ಮೇಲೆ ಬರುವಷ್ಟರಲ್ಲಿ, ಮೇವಿಸ್ ಅಲ್ಲಿದ್ದ ಫಲಕಗಳನ್ನೆಲ್ಲ ಎರಡೆರಡು ಸಲ ಓದಿ ಮುಗಿಸಿದ್ದಳು. ಡರಮ್‌ನ ದೊಡ್ಡ ಚರ್ಚಿನಲ್ಲಿ ಕಾವಲಿನ ಮುದುಕ ಆರ್ಚಿಯನ್ನು ಗಂಭೀರವಾಗಿ ನೋಡಿ, "ಗಂಡಸರು ಒಳಗೆ ಟೋಪಿ ತೆಗೀಬೇಕು ಸ್ವಾಮಿ," ಅಂದ.

"ಅದು ತೆಗೆಯೋಕೆ ಬರಲ್ಲ."

"ಹಾಗಾದ್ರೆ ಹೊರಗಿರ್ಲಿ. ನೀವೂ ಜೊತೇಲಿರಿ, ಒಬ್ಬನೇ ಬೇಜಾರು ಮಾಡ್ಕೋತಾನೆ."

ಮೇವಿಸ್ ಒಳಗೆ ಎರಡು ಗಂಟೆ ಕಳೆದು ಬಂದಳು. ಹಿಂದೆ ಸನ್ಯಾಸಿಗಳು ಒಬ್ಬ ಸಂತನ ಶವಪೆಟ್ಟಿಗೆ ಹೊತ್ತುಕೊಂಡು ಏಳು ವರ್ಷ ಈ ಸೀಮೆಯಲ್ಲೆಲ್ಲ ಅಲೆದರಂತೆ ಎಂದು ಹೇಳಿದಳು. ನಾರ್ಮನ್‌ಗೆ ಆ ಸನ್ಯಾಸಿಗಳ ಮೇಲೆ ಒಡಹುಟ್ಟಿದವರ ಪ್ರೀತಿ ಉಕ್ಕಿತು.

ಕುಳ್ಳನನ್ನು ಗುಟ್ಟಾಗಿ ಹಿಂದಿರುಗಿಸಲು ಅವನು ಪ್ರಯತ್ನಿಸಲಿಲ್ಲ ಎಂದಲ್ಲ. ಆದರೆ ವಿಲ್ಫ್ ಈಗ ಬೆಳಗಿನಿಂದ ಸಂಜೆಯವರೆಗೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ರಾತ್ರಿಯೂ ಅಲ್ಲೇ ಮಲಗುತ್ತಿದ್ದ. "ಆರ್ಚಿ ಬಂದ್ರೆ ಬಾಗಿಲು ತೆಗೆಯೋರು ಬೇಕಲ್ಲ," ಎನ್ನುತ್ತಿದ್ದ. ಕೂತವನು ಸುಮ್ಮನಿರುತ್ತಾನೆಯೇ? ಕಳೆ ಕೀಳುತ್ತಿದ್ದ, ನೀರು ಹಾಯಿಸುತ್ತಿದ್ದ. ಒಡೆದ ಎದೆಯವನ ಲೀಕ್‌ಗಳು ದಿನೇ ದಿನೇ ಉಬ್ಬುತ್ತಿದ್ದವು. ಇತ್ತ ಶನಿವಾರ ಹೊರಟು ಭಾನುವಾರ ಮರಳುತ್ತಿದ್ದ ನಾರ್ಮನ್ ತನ್ನ ಮಡಿಗೆ ಯಾವ ದಿನ ಏನು ಉಣಿಸಿದ್ದೇನೆಂಬುದನ್ನೇ ಮರೆತ. ಬಿತ್ತನೆಯ ಲೆಕ್ಕ ಬರೆದಿಟ್ಟಿದ್ದ ಅಡುಗೆಮನೆಯ ಕ್ಯಾಲೆಂಡರ್ ನೋಡಿದರೆ, ಬಾತುಕೋಳಿ ಚಿತ್ರವಿದ್ದ ಮಾರ್ಚ್ ಹಾಳೆಯೇ ಇರಲಿಲ್ಲ.

"ಮೇವಿಸ್, ಮಾರ್ಚ್ ಎಲ್ಲಿ ಹೋಯ್ತು?"

"ಏಪ್ರಿಲ್ ಬಂತಲ್ಲ, ಹೋಯ್ತು. ಬೇಗ ಹೊರಡು, ಆ ಮಠದ ಬಾಗಿಲು ಐದಕ್ಕೆ ಮುಚ್ತಾರೆ."

ಹನ್ನೆರಡು ಊರಾದವು. ಪ್ರದರ್ಶನಕ್ಕೆ ಎಂಟು ದಿನ ಉಳಿದಿತ್ತು. ಇಷ್ಟಾದರೂ ಅವನ ಮಡಿಯಲ್ಲಿ ಎರಡು ಲೀಕ್‌ಗಳು ಹೇಗೋ ದೈವಕೃಪೆಯಿಂದ ವಿಲ್ಫನವಕ್ಕೆ ಸರಿಸಮನಾಗಿ ಬೆಳೆದಿದ್ದವು. ನಾರ್ಮನ್ ಬೇಲಿಯಾಚೆ ಕಣ್ಣಳತೆ ಹಾಕಿ ನೋಡಿದ್ದ. ಈ ವರ್ಷ ಗೆಲ್ಲಬಹುದು, ಐದನೇ ಸಲ ಬೆನ್ನು ತಟ್ಟಿಸಿಕೊಳ್ಳುವುದು ತಪ್ಪಬಹುದು ಎಂಬ ಆಸೆ ಅವನಲ್ಲಿ ಚಿಗುರಿತ್ತು. ಅಷ್ಟರಲ್ಲಿ ವಿಲ್ಫ್, "ಲಿಂಡಿಸ್‌ಫಾರ್ನ್ ದ್ವೀಪ ಒಂದು ಬಾಕಿ. ಅದು ನೋಡದೆ ಮನೆಗೆ ಬಂದ್ರೆ ಅವನು ಆರ್ಚಿಯೇ ಅಲ್ಲ," ಅಂದ.

ಆ ಭಾನುವಾರ ಸುಡುಬಿಸಿಲು. ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬಂದುಬಿಡುವ ಲೆಕ್ಕದಲ್ಲಿ ನಾರ್ಮನ್ ನಲ್ಲಿಯನ್ನು ನೂಲಿನಷ್ಟೇ ತೆರೆದು, ಕೊಳವೆಯನ್ನು ಮಡಿಗೆ ಬಿಟ್ಟು ಹೊರಟ. ಆ ದ್ವೀಪಕ್ಕೆ ಹೋಗುವ ರಸ್ತೆ ಸಮುದ್ರದ ನೀರು ಇಳಿದಾಗ ಮಾತ್ರ ಕಾಣುತ್ತದೆ. ನೀರೇರುವ ಹೊತ್ತನ್ನು ತಾನೇ ನೋಡಿಕೊಳ್ಳುತ್ತೇನೆಂದು ಮೇವಿಸ್ ಹೇಳಿದ್ದಳು. ಪಾಳು ಮಠದ ಮುಂದೆ ಫೋಟೊ ತೆಗೆದು ಹಿಂತಿರುಗಿದರೆ ರಸ್ತೆಯ ಜಾಗದಲ್ಲಿ ಕಡಲಿತ್ತು.

"ಓ," ಅಂದಳು ಮೇವಿಸ್. "ಐದು ಗಂಟೆ ಆಗತ್ತೆ ಇಳಿಯೋಕೆ. ಟೀ ಕುಡೀತೀಯಾ?"

"ಮೇವಿಸ್, ನನ್ನ ನಲ್ಲಿ ಓಡ್ತಾ ಇದೆ ಕಣೇ."

"ಇಲ್ಲಿ ಕೂತ್ಕೊಂಡು ಏನು ಮಾಡೋಕಾಗತ್ತೆ? ನೋಡು, ಸೀಲ್ ಮೀನುಗಳು ಹಾಡ್ತಿವೆ."

ಅದು ಮೀನಲ್ಲ ಪ್ರಾಣಿ ಎಂದು ತಿದ್ದುವ ಶಕ್ತಿಯೂ ಅವನಿಗಿರಲಿಲ್ಲ. ದಂಡೆಯ ಮೇಲೆ ಆರ್ಚಿಯನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಕೂತರು. ಮೇವಿಸ್ ಚಪ್ಪಲಿ ಬಿಚ್ಚಿ ಮರಳಿನಲ್ಲಿ ಕಾಲು ಹೂತುಕೊಂಡು, ಯಾವುದೋ ಹಳೆಯ ಹಾಡು ಗುನುಗಿದಳು. ಅವಳು ಹಾಡುತ್ತಾಳೆಂಬುದನ್ನು ನಾರ್ಮನ್ ಮರೆತೇಬಿಟ್ಟಿದ್ದ. ಆ ಕ್ಷಣ ಅವನ ಎದೆಯಲ್ಲಿ ಏನೋ ಮೆತ್ತಗಾಯಿತು, ಆದರೆ ನಲ್ಲಿಯ ನೆನಪು ಬಂದು ಅದನ್ನು ಕೊಚ್ಚಿಕೊಂಡು ಹೋಯಿತು.

ಸಂಜೆ ತೋಟ ಮುಟ್ಟಿದಾಗ ಮಡಿ ಕೆರೆಯಾಗಿತ್ತು. ಎರಡು ಲೀಕ್‌ಗಳೂ ಕಂಠಮಟ್ಟ ಕುಡಿದು ಹೊಟ್ಟೆ ಬಿರಿದು ನಿಂತಿದ್ದವು. ಬೇಲಿಯಾಚೆ ವಿಲ್ಫ್ ಕುರ್ಚಿಯಲ್ಲಿ ಕೂತಿದ್ದ.

"ನೋಡ್ತಾ ಇದ್ಯಾ ನೀನು?" ನಾರ್ಮನ್ ನಲ್ಲಿ ಮುಚ್ಚುತ್ತ ಕೇಳಿದ.

"ಬೆಳಗ್ಗೆಯಿಂದ ನೋಡ್ತಿದೀನಿ. ನಿಲ್ಲಿಸೋಣ ಅಂದ್ರೆ ನಿನ್ನ ತೋಟಕ್ಕೆ ಕಾಲಿಡ್ಬೇಕು. ಏಳನೇ ನಿಯಮ ಬಿಡಲಿಲ್ಲ ಮಾರಾಯ."

ಪ್ರದರ್ಶನದ ಶನಿವಾರ ಬೆಳಗ್ಗೆ, ವಿಲ್ಫ್ ಕ್ಲಬ್ಬಿನಲ್ಲಿ ತನ್ನ ಲೀಕ್‌ಗಳನ್ನು ಮಲಗಿಸುತ್ತಿದ್ದಾಗ, ನಾರ್ಮನ್ ಆರ್ಚಿಯನ್ನು ಕೊನೆಗೂ ಅವನ ಜಾಗದಲ್ಲಿ ನಿಲ್ಲಿಸಿ ಬಂದ. ಮೊದಲ ಬಹುಮಾನ ಐದನೇ ಸಲ ವಿಲ್ಫನಿಗೆ ಬಂತು. ಮಡಿಯ ಮೂಲೆಯಲ್ಲಿ ಅಳಿದುಳಿದಿದ್ದ ಜೋಡಿಯೊಂದನ್ನು ಇಟ್ಟ ನಾರ್ಮನ್‌ಗೆ ಹತ್ತನೇ ಸ್ಥಾನ. ಯಾರೂ ಬೆನ್ನು ತಟ್ಟಲಿಲ್ಲ. ಅದೂ ನೋವಾಯಿತು.

ವಿಲ್ಫ್ ವೇದಿಕೆಯ ಮೇಲೆ ನಿಂತು ಭಾಷಣ ಮಾಡಿದ. "ನಮ್ಮ ಆರ್ಚಿ ಇವತ್ತು ಮನೆಗೆ ಬಂದ. ಎಲ್ಲೆಲ್ಲಿ ಹೋಗಿದ್ದ ಅಂತ ಓದ್ತೀನಿ ಕೇಳಿ," ಎಂದು ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ಬಿಡಿಸಿದ.

ಮೊದಲ ಸಾಲಿನಲ್ಲಿ ಕೂತಿದ್ದ ನಾರ್ಮನ್‌ಗೆ ಹಾಳೆಯ ಬೆನ್ನು ಕಂಡಿತು. ಅಲ್ಲಿ ಒಂದು ಬಾತುಕೋಳಿ ಈಜುತ್ತಿತ್ತು. ಅದರ ಕೆಳಗೆ ಮಾರ್ಚ್ ತಿಂಗಳು, ಬಿತ್ತನೆಯ ದಿನಕ್ಕೆ ಅವನೇ ಸುತ್ತಿದ್ದ ಕೆಂಪು ವೃತ್ತ.

ವಿಲ್ಫ್ ಓದತೊಡಗಿದ. "ಒಂದು, ಬಾರ್ನಾರ್ಡ್ ಕೋಟೆ. ಎರಡು, ರೋಮನ್ನರ ಗೋಡೆ, ಬೆಚ್ಚಗಿನ ಕೋಟು ಬೇಕು. ಮೂರು, ಡರಮ್ ಚರ್ಚು, ಪಕ್ಕದ ಬೀದಿಯಲ್ಲಿ ನಿಂಬೆ ಕೇಕ್ ಚೆನ್ನಾಗಿದೆಯಂತೆ..." ಹದಿಮೂರನೆಯದಕ್ಕೆ ಬಂದು, ಸ್ವಲ್ಪ ಕೆಮ್ಮಿ, "ದ್ವೀಪ, ನೀರೇರುವ ಹೊತ್ತು ನೋಡಿಕೊಂಡು ನಿಧಾನವಾಗಿ ಹೊರಡುವುದು," ಎಂದು ಓದಿ ಮುಗಿಸಿದ.

ನಾರ್ಮನ್ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಮೇವಿಸ್ ಹಸಿರು ಟೋಪಿ ಸರಿಮಾಡಿಕೊಳ್ಳುತ್ತಿದ್ದಳು.

"ಯಾವಾಗ ಹೇಳ್ದೆ ಅವನಿಗೆ?"

"ನೀನು ತಂದ ಮಾರನೇ ಬೆಳಗ್ಗೆ."

"ನನ್ನ ಹೆಂಡತಿ ನೀನು ಮೇವಿಸ್. ಹೇಗೆ ಮನಸ್ಸು ಬಂತು?"

"ಮೂವತ್ತೊಂದು ವರ್ಷ ಕೇಳಿದೀನಿ ನಾನು. ಒಂದು ದಿನ ಹೊರಡಲಿಲ್ಲ ನೀನು. ಆ ಸಿಮೆಂಟಿನವನು ಬಾಯಿ ಕೂಡ ತೆರೀಲಿಲ್ಲ, ಅವನಿಗೆ ಹದಿಮೂರು ಊರು ತೋರಿಸ್ದೆ ನೀನು."

ಅಷ್ಟರಲ್ಲಿ ಬಹುಮಾನ ಆರಿಸುವ ಸರದಿ ಹತ್ತನೆಯವರಿಗೆ ಬಂತು. ಗಂಡ ಬೆಳೆದ ಲೀಕ್‌ಗೆ ಬಂದ ಬಹುಮಾನವನ್ನು ಹೆಂಡತಿ ಆರಿಸಬೇಕು, ಇದು ಆ ಕ್ಲಬ್ಬಿನ ಪದ್ಧತಿ. ಮೇಜಿನ ಮೇಲಿದ್ದ ಟೀವಿ, ಇಸ್ತ್ರಿ ಪೆಟ್ಟಿಗೆ, ಗಡಿಯಾರ ಎಲ್ಲ ಹೋಗಿ, ಒಂದು ಉಣ್ಣೆಯ ಕಂಬಳಿಯೂ ಒಂದು ನೀಲಿ ಸೂಟ್‌ಕೇಸೂ ಉಳಿದಿದ್ದವು.

"ಕಂಬಳಿ ತಗೋ," ಎಂದು ನಾರ್ಮನ್ ಕ್ಷೀಣವಾಗಿ ಬೇಡಿಕೊಂಡ. "ಚಳಿಗಾಲ ಬರ್ತಿದೆ. ಮನೆಯಲ್ಲೇ ಇರೋಣ."

ಮೇವಿಸ್ ಕಂಬಳಿಯ ಕಡೆ ನೋಡಲಿಲ್ಲ. ಸೂಟ್‌ಕೇಸಿನ ಮುಚ್ಚಳ ತೆರೆದು, ಒಳಗೆ ಮೂಲೆಯಿಂದ ಮೂಲೆಗೆ ಗೇಣು ಹಾಕಿ ಅಳೆದಳು. ಆಮೇಲೆ ವೇದಿಕೆಯ ಮೇಲಿದ್ದ ವಿಲ್ಫನ ಕಡೆ ನೋಡಿ ತಲೆಯಾಡಿಸಿದಳು.

"ಆರ್ಚಿ ಹಿಡಿಸ್ತಾನೆ," ಅಂದಳು. "ಟೋಪಿ ಸಮೇತ."