ಅತ್ತೆ ಹಚ್ಚಿದ ಅಂತರ್ಯುದ್ಧ

ಸೊಮಾಲಿಯಾದ ಅಂತರ್ಯುದ್ಧಕ್ಕೆ ಕಾರಣವೇನೆಂದು ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರಂತೆ. ಪಾಪ, ಯಾರೂ ನಮ್ಮ ಅತ್ತೆಯನ್ನು ಕೇಳಲಿಲ್ಲ. ಕೇಳಿದ್ದರೆ ಅದು ತಮ್ಮಿಂದಲೇ ಆದದ್ದೆಂದು ಒಪ್ಪಿಕೊಂಡುಬಿಡುತ್ತಿದ್ದರು!

ಈಕೆ ನನ್ನ ಅಪ್ಪನ ತಂಗಿ, ಅಪ್ಪಟ ಮೈಸೂರಿನವರು. ಮಾವ ಸೊಮಾಲಿಯಾದ ರಾಜಧಾನಿ ಮೊಗಾದಿಶುವಿನಲ್ಲಿ ಡಾಕ್ಟರಾಗಿದ್ದರು. ಅಲ್ಲಿನ ಮಂತ್ರಿಗಳನ್ನು ಊಟಕ್ಕೆ ಕರೆದು ಹೊಟ್ಟೆ ಕೆಡಿಸುವ ಖಾತೆ ಅತ್ತೆಯದು, ರಿಪೇರಿ ಖಾತೆ ಮಾವನದು. ಒಂಟೆ ಮಾಂಸ ತಿನ್ನುವವರಿಗೆ ವಾರವಾರ ಬಿಸಿಬೇಳೆಬಾತು ಬಡಿಸಿ ದಕ್ಕಿಸಿಕೊಂಡವರು ಇನ್ಯಾರಿದ್ದಾರೆ? ಯಾರ ಪಕ್ಕ ಯಾರು ಕೂರಬೇಕೆಂದು ಕುರ್ಚಿಗೊಂದು ಹೆಸರಿನ ಚೀಟಿ. ಊರಲ್ಲಿ ಗುಂಡಿನ ಸದ್ದು ಶುರುವಾದ ಮೇಲೂ ಊಟ ನಿಲ್ಲಲಿಲ್ಲ. "ಕಿಟಕಿ ಪಕ್ಕದ ಸೀಟಿಗೆ ಮಾತ್ರ ಡಿಮ್ಯಾಂಡ್ ಕಡಿಮೆ ಆಯ್ತು" ಎನ್ನುತ್ತಾರೆ.

ಕೊನೆಯ ಊಟಕ್ಕೆ ಇಬ್ಬರು ಮಂತ್ರಿಗಳು ಬಂದಿದ್ದರು. ಒಂದೇ ಶಾಲೆಯಲ್ಲಿ ಓದಿದ ಗೆಳೆಯರು, ಈಗ ಎದುರಾಳಿ ಬಣಗಳಲ್ಲಿದ್ದವರು. ಜಗಳವಾದೀತೆಂದು ಹೆದರಿ ಅತ್ತೆ ಅವರನ್ನು ಟೇಬಲ್ಲಿನ ಎರಡು ತುದಿಗೆ ಕೂರಿಸಿದರು. ಇಬ್ಬರೂ ಒಂದು ಮಾತೂ ಆಡದೆ ಎದ್ದು ಹೋದರು. ಮುಂದಿನ ವಾರ ಊರು ಹೊತ್ತಿ ಉರಿಯಿತು. ಅತ್ತೆ, ಮಾವ ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿದವರು ಕೊನೆಗೆ ಬಂದು ಇಳಿದದ್ದು ಟೊರೊಂಟೊದ ರೆಕ್ಸ್‌ಡೇಲಿನ ಎರಡು ರೂಮಿನ ಅಪಾರ್ಟ್‌ಮೆಂಟಿಗೆ.

ಅಲ್ಲೂ ಚೀಟಿ ತಪ್ಪಲಿಲ್ಲ. ನಾನಿರುವ ಯೂನಿಯನ್‌ವಿಲ್‌ನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಹಬ್ಬದೂಟಕ್ಕೆ ಹೋದರೆ, ನನ್ನ ಚೀಟಿ ಬಾತ್‌ರೂಮಿನ ಬಾಗಿಲ ಪಕ್ಕ.

"ಅತ್ತೆ, ನಾನ್ಯಾಕೆ ಇಲ್ಲಿ?"

"ನಿಂಗಿನ್ನೂ ಪ್ರಮೋಷನ್ ಆಗಿಲ್ವಲ್ಲೋ."

ಕೆಲವು ವರ್ಷಗಳಲ್ಲಿ ಆ ಮಾಜಿ ಮಂತ್ರಿಗಳೂ ನಿರಾಶ್ರಿತರಾಗಿ ರೆಕ್ಸ್‌ಡೇಲಿಗೇ ಬಂದು ಸೇರಿದರು. ಒಬ್ಬರು ಟ್ಯಾಕ್ಸಿ ಓಡಿಸುತ್ತಿದ್ದರು, ಇನ್ನೊಬ್ಬರು ಸೆಕ್ಯೂರಿಟಿ ಗಾರ್ಡು. ಒಬ್ಬರು ನಿಂತ ಬಸ್‌ಸ್ಟಾಪಿನಲ್ಲಿ ಇನ್ನೊಬ್ಬರು ನಿಲ್ಲುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಒಂದೇ ಹಠ, ಇವರಿಬ್ಬರನ್ನು ಒಟ್ಟಿಗೆ ಕೂರಿಸಿ ಊಟ ಹಾಕಬೇಕು. ಎಷ್ಟು ಸಲ ಕರೆದರೂ ಇಬ್ಬರದೂ ಒಂದೇ ಪ್ರಶ್ನೆ, "ಅವನು ಬರುತ್ತಾನಾ?" ಕೊನೆಗೆ ಅತ್ತೆ ಇಬ್ಬರಿಗೂ ಇನ್ನೊಬ್ಬ ಬರುವುದಿಲ್ಲವೆಂದು ಸುಳ್ಳು ಹೇಳಿ ಕರೆಸಿದರು.

"ಇಷ್ಟು ವಯಸ್ಸಾದ್ಮೇಲೆ ಸುಳ್ಳಾ ಅತ್ತೆ?"

"ಡಿಪ್ಲೊಮಸಿ ಕಣೋ ಅದು."

ಇಬ್ಬರೂ ಬಂದರು. ಒಬ್ಬರನ್ನೊಬ್ಬರು ಕಂಡು ಬಾಗಿಲಲ್ಲೇ ನಿಂತರು. ಖಾಲಿ ಇದ್ದದ್ದು ಅಕ್ಕಪಕ್ಕದ ಎರಡು ಕುರ್ಚಿ ಮಾತ್ರ. ಅತ್ತೆ ಸೌಟು ಹಿಡಿದು ನೋಡುತ್ತಿದ್ದರು. ಕೊನೆಗೆ ಇಬ್ಬರೂ ಕೂತರು. ಅವರ ದೇಶದಲ್ಲಿ ಅನ್ನದ ಜೊತೆ ಬಾಳೆಹಣ್ಣು ತಿನ್ನುವ ಪದ್ಧತಿ. ಸ್ವಲ್ಪ ಹೊತ್ತಿಗೆ ಟ್ಯಾಕ್ಸಿಯವರು ಒಂದು ಹಣ್ಣು ಸುಲಿದು, ಮುರಿದು, ಅರ್ಧವನ್ನು ಪಕ್ಕದವರ ತಟ್ಟೆಗಿಟ್ಟರು. ಅವರು ತಲೆ ತಗ್ಗಿಸಿಕೊಂಡೇ ಅದನ್ನು ತಿಂದರು. ಹೋಗುವಾಗ ಒಂದೇ ಲಿಫ್ಟಿನಲ್ಲಿ ಇಳಿದರು.

"ಸಕ್ಸೆಸ್ ಅತ್ತೆ! ಶಾಂತಿ ಒಪ್ಪಂದ ಆಗೇಹೋಯ್ತು" ಎಂದು ನಗುತ್ತಾ ತಿರುಗಿದೆ. ಅತ್ತೆ ಅಳುತ್ತಿದ್ದರು.

"ಇಷ್ಟೇ ಆಗಿತ್ತು ನೋಡೋ" ಎಂದರು. "ಆವತ್ತೂ ಹಿಂಗೇ ಪಕ್ಕದಲ್ಲಿ ಕೂರಿಸ್ಬಿಟ್ಟಿದ್ರೆ ಆಗೋಗ್ತಿತ್ತು."

ಯುದ್ಧ ಹಾಗೆಲ್ಲ ನಿಲ್ಲುವುದಿಲ್ಲ ಅತ್ತೆ ಎನ್ನಬೇಕಿತ್ತು. ಇಷ್ಟು ವರ್ಷ ಅದನ್ನೇ ಹೇಳಿ ಗೇಲಿ ಮಾಡಿದವನು ನಾನು. ಅವತ್ತು ಮಾತ್ರ ಅವರ ಕೈಯಿಂದ ಸೌಟು ತೆಗೆದಿಟ್ಟು, ಅವರು ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂತಿದ್ದೆ.