ಕೇಸಿಲ್ಲದ ಕೆರೆ

ಹೊತ್ತಿಗೆ ಸರಿಯಾಗಿ ಬರುವ ಮನುಷ್ಯನನ್ನು ಜನ ಹೊಗಳುತ್ತಾರೆ, ಆದರೆ ಎರಡನೇ ಸಲ ಊಟಕ್ಕೆ ಕರೆಯುವುದಿಲ್ಲ. ಹನ್ನೆರಡೂವರೆಗೆ ಬನ್ನಿ ಎಂದವರ ಮನೆಗೆ ಹನ್ನೆರಡೂವರೆಗೇ ಹೋದಾಗ ಮನೆಯ ಯಜಮಾನರು ಟವಲ್ ಸುತ್ತಿಕೊಂಡು ಬಾಗಿಲು ತೆಗೆದದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದು, ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮಲಗಿದವನು ನಾನು. ಕೆಲಸವೂ ಸುರಕ್ಷತಾ ವಿಭಾಗದ್ದು. ಹೆಲ್ಮೆಟ್ ಇಲ್ಲದೆ ಬಂದವನು ಯಾರೇ ಆಗಿರಲಿ, ಗೇಟಿನಿಂದಲೇ ವಾಪಸ್. ಹೆಂಡತಿಯ ಅಣ್ಣನನ್ನೂ ಒಮ್ಮೆ ಹಾಗೆ ಕಳಿಸಿದ್ದೆ. ಅವರು ಈಗಲೂ ನಮ್ಮ ಮನೆಯ ಹೊಸ್ತಿಲು ದಾಟುವ ಮೊದಲು ತಲೆ ಮುಟ್ಟಿ ನೋಡಿಕೊಳ್ಳುತ್ತಾರೆ.

ನಿವೃತ್ತಿಯ ನಂತರ ಶಿವಮೊಗ್ಗದ ಆಲ್ಕೊಳದಲ್ಲಿ ಮನೆ ಮಾಡಿದೆವು. ಕೈಗೆ ಕೆಲಸವಿಲ್ಲದ ಶಿಸ್ತು ಕಟ್ಟಿಹಾಕಿದ ಎತ್ತಿನ ಹಾಗೆ, ಸುಮ್ಮನೆ ನಿಲ್ಲದೆ ಗೂಟವನ್ನೇ ತಿವಿಯುತ್ತದೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ದೊಡ್ಡಕೆರೆ. ಭದ್ರಾವತಿ ರಸ್ತೆಯಿಂದ ಸ್ವಲ್ಪ ಒಳಗಿದೆ. ಅಲ್ಲಿ ಗುತ್ತಿಗೆದಾರರೊಬ್ಬರು ದೋಣಿವಿಹಾರ ಶುರು ಮಾಡಿದ ಮೇಲೆ ಭಾನುವಾರ ಬಂತೆಂದರೆ ಎರಡೂ ಊರಿನ ಜನ ಅಲ್ಲೇ. ಹಂಸದ ಆಕಾರದ ತುಳಿಯುವ ದೋಣಿಗಳು, ಬುಡುಬುಡು ಎನ್ನುವ ಮೋಟಾರು ದೋಣಿಗಳು, ನಡುವೆ ಮೀನು ಹಿಡಿಯುವವರ ತೆಪ್ಪಗಳು. ಯಾರು ಯಾವ ಕಡೆಯಿಂದ ಬರುತ್ತಾರೆ, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಆ ಹಂಸಗಳಿಗೂ ಗೊತ್ತಿರಲಿಲ್ಲ. ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದರೆ ಸೆರಗು ಮುದುಡುತ್ತದೆ, ಫೋಟೊದಲ್ಲಿ ದಪ್ಪ ಕಾಣುತ್ತೇವೆ, ಬೆವರಿನ ವಾಸನೆ ಎಂದು ತಲೆಗೊಂದು ಸಬೂಬು. ಕೊನೆಯ ಸಬೂಬು ನಿಜವಾದದ್ದು, ನಾನೇ ಮೂಸಿ ನೋಡಿದ್ದೇನೆ. ಒಂದು ದಿನ ದೋಣಿ ಮಗುಚಿತು. ತೆಪ್ಪದವರು ಹತ್ತಿರದಲ್ಲೇ ಇದ್ದದ್ದರಿಂದ ಎಲ್ಲರೂ ಬದುಕಿದರು. ಆದರೆ ದಡಕ್ಕೆ ಬಂದ ಒಬ್ಬ ತಾಯಿ ತನ್ನ ಮಕ್ಕಳ ತಲೆಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದುದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಕೆರೆಗೆ ಪೊಲೀಸ್ ಗಸ್ತು ದೋಣಿ ಬೇಕೆಂದು ಅರ್ಜಿ ಬರೆಯತೊಡಗಿದೆ. ನನ್ನ ಅರ್ಜಿಗಳೂ ನನ್ನ ಹಾಗೆಯೇ, ಹೊತ್ತಿಗೆ ಸರಿಯಾಗಿ ತಲುಪುತ್ತವೆ. ಪ್ರತಿ ಸೋಮವಾರ ಅದೇ ಮುಖ ನೋಡಿ ಬೇಸತ್ತ ಪೊಲೀಸ್ ಕಚೇರಿಯವರು ಕೊನೆಗೆ ದೋಣಿ ಕೊಟ್ಟರು. ಪೆಟ್ರೋಲ್ ಕೊಡಲಿಲ್ಲ. ಅದಕ್ಕೆ ಬೇರೆ ಅರ್ಜಿ. ಇಂಧನದ ಪುಸ್ತಕ ಜೀಪಿಗಾಗಿ ಅಚ್ಚಾದದ್ದು, ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತದೆ. ದೋಣಿ ನಡೆಸಲು ಬಂದ ಹೋಮ್‌ಗಾರ್ಡ್ ಜಬೀವುಲ್ಲಾ ಪ್ರಾಮಾಣಿಕವಾಗಿ ಕೆರೆಯಿಂದ ಕೆರೆಗೆ ಎಂದು ಬರೆದ. ಹೊರಟಲ್ಲಿಗೇ ವಾಪಸ್ ಬರುವುದಕ್ಕೆ ಪೆಟ್ರೋಲ್ ಯಾಕೆ ಬೇಕಾಯಿತು ಎಂದು ಲೆಕ್ಕ ತಪಾಸಣೆಯವರು ಕೇಳಿದರು. ಆಮೇಲೆ ಆತ ಪೂರ್ವ ದಡದಿಂದ ಪಶ್ಚಿಮ ದಡಕ್ಕೆ ಎಂದು ಬರೆಯಲು ಕಲಿತ. ಮೊದಲು ಭದ್ರಾವತಿಯಲ್ಲಿ ಮೆಕ್ಯಾನಿಕ್ ಆಗಿದ್ದವನು, ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದ. ಮನೆ ಕೆರೆಯ ಪಕ್ಕದಲ್ಲೇ. ದೋಣಿ ಬಂದ ಮೇಲೆ ಮಧ್ಯಾಹ್ನ ಹೆಂಡತಿ ಮಕ್ಕಳ ಜೊತೆ ಕೂತು ಉಣ್ಣುವ ಭಾಗ್ಯ ಬಂತು ಸಾರ್ ಎಂದು ನನಗೆ ಎಷ್ಟೋ ಸಲ ಹೇಳಿದ್ದ.

ದೋಣಿ ಬಂದ ಮೇಲೆ ನಾನು ಮನೆಯಲ್ಲಿ ಕೂರಬಹುದಿತ್ತು. ಆದರೆ ದೋಣಿ ಹತ್ತುವ ಕಟ್ಟೆಯ ಮೇಲೆ ಒಬ್ಬರು ನಿಂತರೆ ಗಸ್ತಿನವರಿಗೂ ಅನುಕೂಲ ಎನ್ನಿಸಿತು. ಕಾರ್ಖಾನೆಯ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಪ್ರತಿ ಭಾನುವಾರ ಹೋಗಿ ನಿಂತೆ. ಜಾಕೆಟ್ ಇಲ್ಲದವರನ್ನು ದೋಣಿಗೆ ಬಿಡಲಿಲ್ಲ. ವಾಸನೆ ಎಂದವರಿಗಾಗಿ ಜಾಕೆಟ್ಟುಗಳನ್ನು ಒಗೆಸಿದೆ. ಮೋಟಾರು ದೋಣಿಗಳಿಗೆ ಎಡದ ದಾರಿ, ಹಂಸಗಳಿಗೆ ಬಲದ ದಾರಿ ಎಂದು ಗೊತ್ತುಮಾಡಿದೆ. ಮದುವೆಯಾದ ವಾರಕ್ಕೇ ಬಂದ ಹುಡುಗನೊಬ್ಬ, ಇವರು ನಮ್ಮ ಮಾವನಿಗಿಂತ ಕಷ್ಟ ಕಣೆ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಅವನ ಜಾಕೆಟ್ಟಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದೆ. ಕೆಲವೇ ವಾರಗಳಲ್ಲಿ ಕೆರೆ ಶಾಲೆಯ ಪ್ರಾರ್ಥನೆಯ ಸಾಲಿನಂತಾಯಿತು.

ಹೀಗಿರುವಾಗ ಜಬೀವುಲ್ಲಾ ಒಂದು ಸಂಜೆ ಮನೆಗೆ ಬಂದ. ಚಹಾ ಕುಡಿದ, ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತ.

"ಸಾರ್, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಒಳ್ಳೇ ಕೆಲಸ ಮಾಡ್ತಿದ್ದೀರಿ. ಅದಕ್ಕೇ ನಮ್ ದೋಣಿ ಹೋಗ್ತಾ ಇದೆ."

ವಿಷಯ ಇಷ್ಟು. ಕೆರೆಯಲ್ಲಿ ಒಂದೂ ಕೇಸಿಲ್ಲ, ದಂಡವಿಲ್ಲ. ಕೇಸಿಲ್ಲದ ಕೆರೆಗೆ ಗಸ್ತು ಯಾಕೆ, ಇಂಧನದ ಅನುದಾನ ಯಾಕೆ ಎಂದು ಮೇಲಿನ ಕಚೇರಿಯವರು ಕೇಳಿದ್ದಾರೆ. ಈ ತಿಂಗಳೂ ಹೀಗೇ ಆದರೆ ದೋಣಿಯನ್ನು ದೂರದ ಇನ್ನೊಂದು ಕಡೆಗೆ ಕಳಿಸುತ್ತಾರೆ, ಜಬೀವುಲ್ಲಾನೂ ದೋಣಿಯ ಹಿಂದೆ ಹೋಗಬೇಕು. ನಾನು ಮರುದಿನವೇ ಸಬ್ ಇನ್ಸ್‌ಪೆಕ್ಟರ್ ಮೇಡಂ ಹತ್ತಿರ ಹೋಗಿ, ಕೇಸಿಲ್ಲದಿರುವುದೇ ಗಸ್ತಿನ ಗೆಲುವಲ್ಲವೇ ಎಂದು ವಾದಿಸಿದೆ. ಆಕೆ ತಾಳ್ಮೆಯಿಂದ ಕೇಳಿದರು.

"ನೀವು ಹೇಳೋದು ಸರಿ ಸಾರ್. ಹಿಡಿದವ್ರನ್ನ ಬರೆಯೋಕೆ ಕಾಲಂ ಇದೆ. ಮುಳುಗದೇ ಇದ್ದವ್ರನ್ನ ಯಾವ ಕಾಲಂನಲ್ಲಿ ಬರೀಲಿ?"

ಉಪಾಯವನ್ನು ಜಬೀವುಲ್ಲಾನೇ ಹೇಳಿದ. ಉಪಾಯವೆಂದರೆ ನಾನು ಭಾನುವಾರ ಮನೆಯಲ್ಲಿರುವುದು, ಅಷ್ಟೇ. ಯಾರಿಗೂ ಏನೂ ಆಗದ ಹಾಗೆ ತಾನು ಹಿಂದೆಯೇ ದೋಣಿಯಲ್ಲಿರುತ್ತೇನೆ, ಜನ ತಮ್ಮ ಸಹಜ ಗುಣಕ್ಕೆ ಮರಳಲು ಒಂದು ಅವಕಾಶ ಕೊಡಿ ಎಂದ.

ಮುಂದಿನ ಭಾನುವಾರ ನಾನು ಮನೆಯಲ್ಲಿ ಕೂತೆ. ಕೂತೆ ಎನ್ನುವುದು ಪೂರ್ತಿ ನಿಜವಲ್ಲ. ಬಾಗಿಲಿಗೂ ಕಿಟಕಿಗೂ ನಡುವೆ ಗಸ್ತು ತಿರುಗಿದೆ. ಹೆಂಡತಿ ಸುಮಿತ್ರ, ತಂಗಿಯನ್ನು ನೋಡಿಕೊಂಡು ಬರುತ್ತೇನೆ ಎಂದು ಬೆಳಿಗ್ಗೆಯೇ ಕಾಗದನಗರದ ಕಡೆ ಹೊರಟಿದ್ದಳು. ಸಂಜೆ ಜಬೀವುಲ್ಲಾನ ಫೋನ್ ಬಂತು. ಸಾಕಷ್ಟು ಕೇಸಾಗಿದೆ, ಇನ್ನು ದೋಣಿ ಎಲ್ಲಿಗೂ ಹೋಗುವುದಿಲ್ಲ ಎಂದ. ದನಿಯಲ್ಲಿ ಖುಷಿಯಿತ್ತು, ಜೊತೆಗೆ ಏನೋ ಸಂಕೋಚ.

"ಮೊದಲ್ನೇ ಕೇಸು ನಿಮ್ಮನೆ ಅಮ್ಮನವ್ರದ್ದೇ ಸಾರ್. ನಾನು ಬಿಟ್ಬಿಡ್ತೀನಿ ಅಂದೆ. ಬರಿ ಮಾರಾಯ, ಬಿಟ್ರೆ ನಮ್ಮನೆಯವ್ರು ನಿನ್ ಮೇಲೇ ಅರ್ಜಿ ಬರೀತಾರೆ ಅಂದ್ರು."

ಕತ್ತಲಾಗುವ ಹೊತ್ತಿಗೆ ಸುಮಿತ್ರ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ತಂಗಿಯ ಜೊತೆ ಹಂಸದಲ್ಲಿ ಕೂತು, ಜಾಕೆಟ್ ಪಕ್ಕಕ್ಕಿಟ್ಟು, ಕೆರೆಯ ನಡುವೆ ಎದ್ದು ನಿಂತು ಫೋಟೊ ತೆಗೆಸಿಕೊಂಡಳಂತೆ. ಇಷ್ಟು ದಿನ ದೋಣಿಯ ಆಸೆಯನ್ನು ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀವೂ ಬರ್ತಿದ್ರಲ್ಲ" ಎಂದು ಕೈಕಾಲು ತೊಳೆಯಲು ಹೋದಳು.

ಆವತ್ತಿನಿಂದ ಕೆರೆಯ ಹಿತದೃಷ್ಟಿಯಿಂದ ನಾನು ಭಾನುವಾರಗಳಲ್ಲಿ ಮನೆಯಲ್ಲೇ ಇರುತ್ತೇನೆ. ಮನೆಯಲ್ಲಿದ್ದಾಗ ಗಮನಿಸಿದೆ, ನಮ್ಮ ಅಡುಗೆಮನೆಯಲ್ಲಿ ಸುರಕ್ಷತೆ ಎಂಬುದೇ ಇಲ್ಲ. ಕುಕ್ಕರಿನ ಹಿಡಿ ಹೊರಗೆ ಚಾಚಿಕೊಂಡಿರುತ್ತದೆ, ಈಳಿಗೆಮಣೆ ನಡೆಯುವ ದಾರಿಯಲ್ಲೇ. ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದೆ, ಒಗ್ಗರಣೆ ಹಾಕುವಾಗ ನಿಲ್ಲಬೇಕಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮೊನ್ನೆ ಹಿತ್ತಲಿನಿಂದ ಸುಮಿತ್ರಳ ಫೋನಿನ ಮಾತು ಕೇಳಿಸಿತು.

"ಇವ್ರನ್ನ ಅಲ್ಲೇ ಕಟ್ಟೆ ಮೇಲೆ ನಿಲ್ಲಿಸ್ಕೊಳ್ಳಪ್ಪ ಜಬೀವುಲ್ಲಾ. ಕೇಸಿಗೆ ಯೋಚ್ನೆ ಮಾಡ್ಬೇಡ, ಪ್ರತಿ ತಿಂಗಳು ನಾನೂ ನನ್ ತಂಗೀನೂ ಬಂದು ಜಾಕೆಟ್ ಇಲ್ದೆ ಕೂರ್ತೀವಿ."

ಮೇಡಂ ಅವರನ್ನು ಕೇಳಿ ಹೇಳುತ್ತೇನೆ ಎಂದನಂತೆ. ನನ್ನ ಬಗ್ಗೆ ಬೇರೊಬ್ಬರು ಅರ್ಜಿ ಹಾಕಿದ್ದು ಇದೇ ಮೊದಲು. ಅದಿನ್ನೂ ಪರಿಶೀಲನೆಯಲ್ಲಿದೆ.